ಗೌರವ್ವನ ಮಣಿಕಟ್ಟು

ಇದು ಬಿದ್ದು ಮುರಿದ ಕೈಯಲ್ಲ ಎಂಬುದು ಮುಟ್ಟಿದ ಕೂಡಲೇ ನಜೀರಸಾಬನಿಗೆ ತಿಳಿಯಿತು. ಕೈಯೂರಿ ಬಿದ್ದವರ ಮಣಿಕಟ್ಟು ಹಿಂದಕ್ಕೆ ಬಾಗಿರುತ್ತದೆ. ಗೌರವ್ವನ ಎಡಗೈ ಮೇಲಿನಿಂದ ಪೆಟ್ಟು ತಿಂದು ಜಜ್ಜಿತ್ತು. ಒರಳಿನ ಪಕ್ಕದಲ್ಲಿ ಒನಕೆ ಉರುಳಿ ಬಿದ್ದಿತ್ತು.

ಅವನು ಆಕೆಯ ಅತ್ತೆ ಸಿದ್ದವ್ವನ ಮುಖ ನೋಡಿದ. ಆಕೆ ತಲೆ ತಗ್ಗಿಸಿದಳು.

ಬೆಳವಣಕಿಯಲ್ಲಿ ಎಲುಬು ಕೂಡಿಸುವವನು ಅವನೊಬ್ಬನೇ. ನರಗುಂದದ ಕೋಟೆ ಬಿದ್ದ ಮೇಲೆ ಊರ ಚಾವಡಿಯಲ್ಲಿ ಕಂಪನಿಯ ಸಿಪಾಯಿಗಳು ಬೀಡುಬಿಟ್ಟಿದ್ದರು. ಯಾವ ಮನೆಯಲ್ಲಿ ಅಳು ಕೇಳಿದರೂ ನುಗ್ಗಿ, ಸತ್ತವನು ಯಾರು, ಎಲ್ಲಿ ಸತ್ತ ಎಂದು ವಿಚಾರಿಸುತ್ತಿದ್ದರು. ಬಂಡಾಯಕ್ಕೆ ಹೋದವನೆಂದು ತಿಳಿದರೆ ಮನೆ, ಹೊಲ ಜಪ್ತಿ. ಈಗ ಬರುವಾಗಲೂ ನಜೀರಸಾಬನನ್ನು ತಡೆದಿದ್ದರು. ಸೊಸೆಯೊಬ್ಬಳ ಕೈ ಮುರಿದಿದೆ ಎಂದಾಗ ನಕ್ಕು ದಾರಿ ಬಿಟ್ಟರು.

"ಜ್ವಾಳ ಕುಟ್ಟೂ ಒನಕೀಲೆ ಸೊಸಿ ಕೈ ಕುಟ್ಟಿದ್ರೇನು, ಸಿದ್ದವ್ವಾರ? ಗಜೇಂದ್ರಗಡದ ಸಂತಿಗೆ ಹೋದ ಹೂವಪ್ಪ ತಿರುಗಿ ಬರ್ಲಿ. ನಾನ ಹೇಳ್ತೀನಿ ಅವಂಗ," ಎಂದ ನಜೀರಸಾಬ.

ಮಗನ ಹೆಸರು ಕೇಳಿದ್ದೇ ಸಿದ್ದವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟಾದರೂ ನಾಚಿಕೆ ಉಳಿದಿದೆಯಲ್ಲ ಎಂದುಕೊಂಡ ಅವನು.

"ಅತ್ತಿ ಏನೂ ಮಾಡಿಲ್ರಿ," ಎಂದಳು ಗೌರವ್ವ.

ಹೊಡೆತ ತಿಂದ ಸೊಸೆಯರೆಲ್ಲ ಇದನ್ನೇ ಹೇಳುತ್ತಿದ್ದರು.

ಕೈ ಬಾತು, ಹಸಿರು ಬಳೆಗಳು ಮಾಂಸದಲ್ಲಿ ಹೂತಿದ್ದವು. ಬೆರಳುಗಳು ನೀಲಿಗಟ್ಟುತ್ತಿದ್ದವು. ಬಳೆ ಒಡೆಯದಿದ್ದರೆ ಕೈಯೇ ಹೋಗುತ್ತದೆ. ಆದರೆ ಗಂಡ ಬದುಕಿರುವವಳ ಬಳೆಯನ್ನು, ಅದೂ ಪರಪುರುಷನೊಬ್ಬ ಒಡೆಯುವುದೇ? ನಾಳೆ ಹೂವಪ್ಪನೆದುರು ಯಾವ ಮುಖ ಹೊತ್ತು ನಿಲ್ಲಲಿ?

"ನೀವ ಒಡೀರಿ, ಅವ್ವಾರ," ಎಂದ.

ಸಿದ್ದವ್ವ ಗೋಡೆಯ ಕಡೆ ತಿರುಗಿ ಕುಳಿತಳು.

"ನೀವ ಒಡೀರಿ, ಅಣ್ಣಾ. ನಿಮಗ ಪಾಪ ತಟ್ಟೂದಿಲ್ಲ," ಎಂದಳು ಗೌರವ್ವ.

ಅವನು ಇಕ್ಕಳದಿಂದ ಒಂದೊಂದೇ ಬಳೆ ಒಡೆದ. ಆಕೆಯ ಮುಖ ನೋಡಲು ನಾಚಿಕೆಯಾಗಿ ಕಣ್ಣನ್ನು ಕೈಯ ಮೇಲೇ ನೆಟ್ಟಿದ್ದ. ಹರಿದ ಚರ್ಮವನ್ನು ಕತ್ತಿಯ ಮೊನೆಯಿಂದ ತುಸು ಬಿಡಿಸಿ, ಸಿಡಿದಿದ್ದ ಎಲುಬಿನ ಚೂರನ್ನು ಚಿಮಟದಲ್ಲಿ ಹಿಡಿದು ತೆಗೆದ. ಗಾಯ ತೊಳೆದ. ಕೈ ಎಳೆದು ಎಲುಬು ಕೂಡಿಸಿ, ಬಿದಿರಿನ ದಬ್ಬೆ ಕೊಟ್ಟು, ಉದ್ದಿನ ಹಿಟ್ಟು ಸವರಿದ ಬಟ್ಟೆ ಬಿಗಿದ.

ಮುಗಿದ ಮೇಲೆ ಆಕೆ ಬಲಗೈ ಚಾಚಿದಳು.

"ಇದರಾಗಿನವೂ ಒಡೀರಿ."

"ಆ ಕೈಗೆ ಏನಾಗೇತಿ, ತಂಗಿ?"

"ಒಂದ ಕೈಯಾಗ ಬಳಿ ಚಂದ ಕಾಣೂದಿಲ್ರಿ."

ನೋವಿನಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡು ನಜೀರಸಾಬ ಎದ್ದ. ಸಿದ್ದವ್ವನಿಗೆ ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ. ಅಂಥವಳಿಗೆ ಎಂಥ ಮಾತು! ಹೊಸ್ತಿಲು ದಾಟುವಾಗ ಹಿಂದೆ ಗಾಜು ಸಿಡಿದ ಸದ್ದಾಯಿತು. ತಿರುಗಿ ನೋಡಿದ. ಗೌರವ್ವ ಬಲಗೈಯನ್ನು ಒರಳಿಗೆ ಬಡಿದಿದ್ದಳು. ಆ ಬರಿಗೈಯಿಂದಲೇ ಅತ್ತೆಯ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಬಾಯಿಗೊತ್ತಿದ್ದ ಸೆರಗನ್ನು ಮೆಲ್ಲನೆ ಬಿಡಿಸಿದಳು.

"ಇನ್ನ ಗಟ್ಟಿಯಾಗಿ ಅಳ್ರಿ, ಅತ್ತಿ. ಅದಕ್ಕ ನಾನ ಕೈ ಮುರಕೊಂಡೀನಿ. ಸೊಸಿ ಕೈ ಮುರೀತಂತ ಅಳಾಕತ್ತಾಳ ಅಂತಾರ ಸಿಪಾಯ್ಗೋಳು. ಮಗ ನರಗುಂದದಾಗ ಸತ್ತಾನಂತ ಯಾರಿಗೂ ತಿಳಿಯಂಗಿಲ್ಲ."