ಮೇಲಕ್ಕೆ ತಿಕ್ಕಬೇಕಾದ ಕಾಲು

ಹರಳೆಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಸಿಟ್ಟೇ ಬರುತ್ತದೆ. ಬೈಕುಲ್ಲಾದ ಚಾಳಿನಲ್ಲಿ ಆ ಮಧ್ಯಾಹ್ನ ಅಜ್ಜಿಯ ಬಾತ ಆನೆಕಾಲು ತಿಕ್ಕುವ ಸರದಿ ನನ್ನದಾಗಿತ್ತು.

ನಮ್ಮ ಧಾರವಾಡದ ಕಡೆಯ ಡಾಕ್ಟರು ಮುಂಜಾನೆಯಷ್ಟೇ ಗಂಟಲು ಹರಿದುಕೊಂಡಿದ್ದರು: "ಅಜ್ಜಿ, ರಕ್ತನಾಳಕ್ಕ ದೂಡಾಕ ಹೃದಯ ಐತಿ. ಈ ಬಾವಿನ ನೀರು ಹೋಗೋ ನಾಳಕ್ಕ ದೂಡಾವ್ರು ಯಾರೂ ಇಲ್ಲ. ನಾವ ಮ್ಯಾಲಕ್ಕ ತಿಕ್ಕಿ ದೂಡಬೇಕು!"

ಅಜ್ಜಿ ಕೇಳಬೇಕಲ್ಲ! ದೃಷ್ಟಿಯಾಗಲಿ ಬೇನೆಯಾಗಲಿ, ತಲೆಯಿಂದ ಪಾದಕ್ಕೆ ಇಳಿಸುವುದಷ್ಟೇ ಅವಳಿಗೆ ಗೊತ್ತು. "ಬ್ಯಾನಿ ಮ್ಯಾಲ ಏರಸ್ತೀಯೇನ? ಕೆಳಗ ತಿಕ್ಕ!" ಎಂದು ನನ್ನ ಕೈಗೆ ಹೊಡೆದಳು.

ಅವಳಿಗೆ ಜೊಂಪು ಹತ್ತಿದ್ದೇ ಅವ್ವ ಬಂದು, ಎಣ್ಣೆಯ ಬಟ್ಟಲನ್ನು ನನ್ನಿಂದ ಎಳೆದುಕೊಂಡು, ಒಂದು ತಾಸು ಮೇಲಕ್ಕೇ ನೀವಿದಳು.

ಎಚ್ಚರಾದ ಅಜ್ಜಿ ಕಾಲು ಆಡಿಸಿ ನೋಡಿ, ಅವ್ವನ ಕಡೆ ತಿರುಗಿದಳು. "ಹಗರ ಆಗೇತಿ. ಇನ್ನರ ಆ ಡಾಕ್ಟರನ್ನ ಬಿಟ್ಟು ನನ್ನ ಮಾತು ಕೇಳು."

ಅವ್ವ ಎಣ್ಣೆಯ ಬಟ್ಟಲನ್ನು ನೆಲಕ್ಕೆ ಕುಕ್ಕಿ, "ಹೂಂರೀ ಅತ್ತಿ" ಎಂದಳು.