ರಾಕ್ಷಸನ ಮುಖ

ಪ್ರವಚನ ಹೇಳುವ ಗುರುಗಳು ಪುರಾಣದ ಚಿತ್ರಗಳನ್ನೂ ತಾವೇ ಬರೆಯುತ್ತಿದ್ದರು. ಅವುಗಳಲ್ಲಿ ರಾಕ್ಷಸರಿಗೆಲ್ಲ ಮಸೀದಿ ಕೇರಿಯವರ ಟೋಪಿ, ಗಡ್ಡ.

ಊರಲ್ಲಿ ಗಲಭೆಯೆದ್ದ ದಿನ ಅವರು ಕಾವಿ ಬಿಟ್ಟು ಪ್ಯಾಂಟು ಶರ್ಟಿನಲ್ಲಿ ಆಸ್ಪತ್ರೆಯಿಂದ ಬರುತ್ತಿದ್ದರು. ದೊಣ್ಣೆ ಹಿಡಿದವರು ಅವರ ಕಾರನ್ನು ಸುತ್ತುವರಿದರು. ಒಬ್ಬನ ಕೈಯಲ್ಲಿ ಗುರುಗಳು ಬರೆದ ರಾಕ್ಷಸನ ಚಿತ್ರವಿತ್ತು.

“ಗಡ್ಡ ಇದೆ. ಟೋಪಿ ಎಲ್ಲೋ?”

“ಎಸೆದಿರ್ತಾನೆ.”

“ನಾನು ನಿಮ್ಮವನೇ ಕಣ್ರಪ್ಪಾ. ಆ ಚಿತ್ರ ಬರೆದವನೇ ನಾನು.”

“ಸಿಕ್ಕಿಬಿದ್ದ ಮೇಲೆ ಎಲ್ಲರೂ ನಮ್ಮವರೇ.” ಚಿತ್ರ ಹಿಡಿದವನು ಕಿಟಕಿಯೊಳಗೆ ಕೈ ತೂರಿಸಿ ಅದನ್ನು ಗುರುಗಳ ಕೆನ್ನೆಯ ಪಕ್ಕ ಹಿಡಿದ. “ನೋಡ್ರೋ, ಅದೇ ಹುಬ್ಬು, ಅದೇ ಮೂಗು.”

ರಾಕ್ಷಸನ ಮುಖಕ್ಕೆ ಮಾದರಿಯಾಗಿ ಕೂರಲು ಯಾರೂ ಒಪ್ಪದೆ, ಅದನ್ನು ಗುರುಗಳು ಕನ್ನಡಿ ನೋಡಿಕೊಂಡು ಬರೆದಿದ್ದರು.