ಲಿಂಕನ್ನನ ಮೂಗು

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಂದು ಬೆಳಿಗ್ಗೆ ಕಿಟಕಿಯ ಗಾಜಿಗೆಲ್ಲ ಹಿಮ ಕಟ್ಟಿತ್ತು. ಕಪಾಟಿನ ಮುಂದೆ ನಿಂತ ವಾರೆನ್ ಟಟಲ್ ಕೈಯಲ್ಲಿದ್ದ ಕಾಫಿಯನ್ನು ಕುಡಿಯುವುದನ್ನೇ ಮರೆತ. ಪುಸ್ತಕಗಳು ವಾಲದಂತೆ ಎರಡು ಬದಿಗೆ ಆನಿಸಿಟ್ಟ ಹಳೆಯ ಕಂಚಿನ ಲಿಂಕನ್ ತಲೆಗಳ ಜೋಡಿಯಲ್ಲಿ ಎಡಗಡೆಯವನ ಮೂಗು ಮತ್ತೆ ಫಳಫಳ ಹೊಳೆಯುತ್ತಿತ್ತು. ಹಳೆಯ ವಸ್ತು ಸಂಗ್ರಹಿಸುವವರ ಕಣ್ಣಿಗೆ ಹಾಗೆ ಸವೆದ ಹೊಳಪು ಒಂದು ಕುಂದು; ಅದಕ್ಕೇ ಅವನು ನಿನ್ನೆ ಸಂಜೆ ಎರಡನೆಯ ಸಲ ಕಪ್ಪು ಮೇಣ ಬಳಿದಿದ್ದ. ಮನೆಯಲ್ಲಿ ಇರುವವನು ಅವನೊಬ್ಬನೇ. ಆದರೂ ಮೇಣದ ಅಂಚಿನಲ್ಲಿ ಪುಟ್ಟ ಬೆರಳೊಂದು ಜಾರಿದ ಗುರುತಿತ್ತು.

ಜೋಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗಿ, ಹೋದ ವಾರ ಅದನ್ನು ಮಾರಿದ್ದ ಮುದುಕಿ ಓಪಲಳ ಬಾಗಿಲು ತಟ್ಟಿದ.

"ಏನೋ ವಾರೆನ್, ಇಷ್ಟು ಬೇಗ ಬೇಜಾರಾಯ್ತಾ? ಮಾರಿದ ಮಾಲು ನಾನು ವಾಪಸ್ ತಗೊಳ್ಳಲ್ಲ ಕಣಪ್ಪಾ!" ಎಂದು ಆಕೆ ನಕ್ಕಳು.

"ಇದರ ಮೂಗು ಯಾರು ಉಜ್ತಿದ್ರು, ಓಪಲಮ್ಮಾ?"

ಆಕೆಯ ನಗು ನಿಂತಿತು. "ನಮ್ಮ ಮಗಳು ನೆಲ್, ಎಷ್ಟೋ ವರ್ಷದ ಹಿಂದೆ. ಒಳ್ಳೇದಾಗ್ಲಿ ಅಂತ ಊರೋರೆಲ್ಲ ಲಿಂಕನ್ ಸಮಾಧಿ ಹತ್ರ ಹೋಗಿ ಅಲ್ಲಿರೋ ಕಂಚಿನ ತಲೆಯ ಮೂಗು ಉಜ್ತಾರಲ್ಲ, ಇವಳು ಸ್ಕೂಲಿಗೆ ಹೊರಡೋ ಮುಂಚೆ ದಿನಾ ಮನೇಲೇ ಉಜ್ಜೋಳು. ಕೆರೆ ಮೇಲಿನ ಮಂಜುಗಡ್ಡೆ ಅವಳ ಕಾಲಡೀಲಿ ಒಡೆದು ಮುಳುಗಿಹೋದ್ಳಲ್ಲಪ್ಪ, ಆವತ್ತೊಂದಿನ ಮಾತ್ರ ಅವಸರದಲ್ಲಿ ಮರೆತುಬಿಟ್ಳು."

ವರ್ಷಗಟ್ಟಲೆ ಹುಡುಕಿ ದಕ್ಕಿಸಿಕೊಂಡ ಜೋಡಿ ಅದು. ವಾರೆನ್ ಸ್ವಲ್ಪ ಹೊತ್ತು ಅದನ್ನು ಎದೆಗೊತ್ತಿ ಹಿಡಿದುಕೊಂಡೇ ನಿಂತ.

"ಇದು ಇಲ್ಲೇ ಇರ್ಲಿ ಕಣಮ್ಮಾ," ಎಂದ ಕೊನೆಗೆ. "ಈ ಚಳೀಲಿ ಮಗು ಅಷ್ಟು ದೂರ ನಡೀಬಾರದು."

ಟವೆಲ್ಲು ಬಿಚ್ಚಿ, ಎರಡನ್ನೂ ಮೆಲ್ಲಗೆ ತಾಯಿಯ ಕೈಗಿಟ್ಟ.